ಕೂಗುವ ಗಾಲಿ ಯಾವುದು?

ಚಳ್ಳಕೆರೆಯನ್ನು ಬಿಟ್ಟು ಬಳ್ಳಾರಿಯ ದಿಕ್ಕಿಗೆ ಹೊರಟ ಪಯಣಿಗನಿಗೆ ಕಣ್ಣು ಹರಿಯುವಷ್ಟು ದೂರವೂ ಬಯಲೇ ಬಯಲು. ನಡುನಡುವೆ ಶೇಂಗಾ ಹೊಲ, ಬಳ್ಳಾರಿ ಜಾಲಿಯ ಮೆಳೆ, ಯಾರೋ ಒಂದರ ಮೇಲೊಂದು ಪೇರಿಸಿಟ್ಟು ಮರೆತುಹೋದಂತೆ ಕಾಣುವ ಬಂಡೆಗಳ ಗುಡ್ಡ. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳೂ ಸೇರಿವೆ. ಈ ಬಯಲನ್ನು ಸೀಳಿಕೊಂಡು ಹೋಗುವ ೧೫೦-ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಪಟ್ಟಣದ ಗಲಭೆಯಿಲ್ಲ. ಹತ್ತು ಮಾರಿಗೊಮ್ಮೆ ಬ್ರೇಕು ಒತ್ತುವ ಪ್ರಮೇಯವಿಲ್ಲ. ಕಾರಿನ ಗಾಲಿ ಮೊಟ್ಟಮೊದಲು ಬಾಯಿಬಿಡುವುದು ಇಂತಹ ಕಡೆಯಲ್ಲಿಯೇ. ಬೆಂಗಳೂರಿನ ಬೀದಿಗಳಲ್ಲಿ ತಿಂಗಳುಗಟ್ಟಲೆ ಮುಚ್ಚಿಹೋಗಿದ್ದ ಸಣ್ಣ ಗುಂಜಾರವವೊಂದು ಇಲ್ಲಿಯ ಮೌನದಲ್ಲಿ ತಲೆಯೆತ್ತುತ್ತದೆ.

ಬ್ರಹ್ಮಗಿರಿಯನ್ನು ನೋಡಿಕೊಂಡು ಹಿಂದಿರುಗುತ್ತಿರುವ ಒಂದು ಸಂಸಾರವನ್ನು ಓದುಗರು ಕಲ್ಪಿಸಿಕೊಳ್ಳಲಿ. ಸಿದ್ದಾಪುರದ ಬಳಿ ಬೆಟ್ಟದಡಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು ಕಂಡದ್ದಾಯಿತು. ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡದ್ದಾಯಿತು. ಸಂಜೆ ನಾಲ್ಕರ ಹೊತ್ತಿಗೆ ಹೆದ್ದಾರಿಗೆ ಬಂದು ವೇಗದ ಮುಳ್ಳು ಐವತ್ತನ್ನು ದಾಟುತ್ತಿದ್ದಂತೆಯೇ ಕಾರಿನ ಒಡಲಿನಿಂದ ‘ಹೂಂ...’ ಎಂಬ ದನಿ ಹೊರಟಿತು. ಅರವತ್ತಕ್ಕೆ ಅದು ಇನ್ನಷ್ಟು ದಪ್ಪವಾಯಿತು. ಮುಂದೆ ಕುಳಿತ ಮಡದಿ, ಸದ್ದು ಹಿಂದಿನ ಎಡಗಾಲಿಯದೆಂದಳು. ಹಿಂದೆ ಕುಳಿತ ಮಾವನವರು ಮುಂದಿನದೇ ಎಂದು ಖಂಡಿತವಾಗಿ ನುಡಿದರು. ರಸ್ತೆಯೇ ಹಾಗಿರಬೇಕೆಂಬುದು ಅಜ್ಜಿಯ ತೀರ್ಪು. ಬೆಂಗಳೂರು ಇನ್ನೂ ಇನ್ನೂರು ಕಿಲೋಮೀಟರಿಗೂ ದೂರವಿದೆ, ಕತ್ತಲಾಗುವುದಕ್ಕೆ ಎರಡು ತಾಸೂ ಉಳಿದಿಲ್ಲ. ಸ್ಟೇರಿಂಗು ಹಿಡಿದವನ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಈಗಲೇ ನಿಲ್ಲಿಸಬೇಕೆ, ಮನೆ ಸೇರಿದ ಮೇಲೆ ನೋಡಿಕೊಂಡರೆ ಸಾಕೆ?

ಪ್ರಶ್ನೆ ಸಣ್ಣದಲ್ಲ. ಆ ದನಿ ಟೈರಿನ ಸಂದಿಗೆ ಸಿಕ್ಕ ಬೆಣಚುಕಲ್ಲಿನದಾಗಿದ್ದರೆ ನಗುನಗುತ್ತ ಮನೆ ಸೇರಬಹುದು. ಈಗತಾನೆ ಕೆಡಲಾರಂಭಿಸಿದ ಬೇರಿಂಗಿನದಾದರೆ ಮೆಲ್ಲಗೆ ಓಡಿಸಿಕೊಂಡು ಹೋಗಿ ಹತ್ತಿರದ ಗ್ಯಾರೇಜಿಗೆ ಒಪ್ಪಿಸಬೇಕು. ಸಡಿಲಗೊಂಡ ನಟ್ಟಿನದಾದರೆ ಇನ್ನೊಂದು ಫರ್ಲಾಂಗು ಕೂಡ ಮುಂದೆ ಹೋಗಬಾರದು. ಓಡುವ ಕಾರಿನಿಂದ ಗಾಲಿ ಕಳಚಿಕೊಂಡರೆ ಆಮೇಲೆ ಯಾರ ಕೈಯಲ್ಲೂ ಏನೂ ಉಳಿಯುವುದಿಲ್ಲ. ಮೂರನ್ನೂ ನಾವು ‘ಗಾಲಿಯ ಸದ್ದು’ ಎಂಬ ಒಂದೇ ಹೆಸರಿನಿಂದ ಕರೆದುಬಿಡುತ್ತೇವೆ. ತೊಡಕು ಇರುವುದೇ ಅಲ್ಲಿ.

ಎಲ್ಲಿ ಎಂಬುದಕ್ಕಿಂತ ಯಾವಾಗ

ಪಳಗದ ಕಿವಿ ಮೊದಲು ಕೇಳುವುದು ‘ಎಲ್ಲಿಂದ?’ ಎಂದು. ನುರಿತ ಮೆಕ್ಯಾನಿಕ್ ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ. ಕಾರು ಗ್ಯಾರೇಜಿನ ಮುಂದೆ ನಿಂತು, ಮಾಲೀಕನು “ಹಿಂದಿನ ಎಡಗಾಲಿ ಸದ್ದು ಮಾಡ್ತಿದೆ, ಸ್ವಲ್ಪ ನೋಡಪ್ಪ” ಎಂದರೆ, ಅವನು ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತ ಹೇಳುವುದು ಇಷ್ಟೆ: “ಎಲ್ಲಿಂದ ಬರ್ತದೆ ಅನ್ನೋದು ಆಮೇಲಾಗ್ಲಿ ಸ್ವಾಮಿ. ಯಾವಾಗ ಬರ್ತದೆ, ಯಾವಾಗ ನಿಲ್ತದೆ, ಅದನ್ನ ಮೊದಲು ಹೇಳಿ.”

ಅದಕ್ಕೆ ತಕ್ಕ ಕಾರಣವೂ ಇದೆ. ತಂಬೂರಿಯ ತಂತಿಯನ್ನು ಮೀಟಿದರೆ ನಾದ ಮೊಳಗುವುದು ಬುರುಡೆಯಿಂದ. ಕಾರಿನ ಕಥೆಯೂ ಹಾಗೆಯೇ. ಗಾಲಿಯಲ್ಲಿ ಹುಟ್ಟಿದ ಕಂಪನವು ಅಚ್ಚು, ಸ್ಪ್ರಿಂಗುಗಳ ಮೂಲಕ ಉಕ್ಕಿನ ಒಡಲಿಗೆ ಏರಿ, ಅಲ್ಲಿ ಯಾವ ತಗಡು ಹಾಡಲು ಸಿದ್ಧವಾಗಿದೆಯೋ ಅದನ್ನು ಹಾಡಿಸುತ್ತದೆ. ಮುಂದಿನ ಬಲಗಾಲಿಯ ಗೋಳು ಹಿಂದಿನ ಸೀಟಿನ ಕೆಳಗೆ ಕೇಳಿಸಿದರೆ ಅಚ್ಚರಿಯಿಲ್ಲ. ಆದುದರಿಂದ ಕಿವಿ ತೋರಿಸಿದ ಗಾಲಿಯನ್ನು ಬಿಚ್ಚುವುದಕ್ಕೆ ಮುಂಚೆ, ಆ ದನಿ ಯಾವುದರೊಡನೆ ಏರುತ್ತದೆ, ಯಾವುದರೊಡನೆ ಇಳಿಯುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಚಳ್ಳಕೆರೆಯ ಬಯಲಿನಂತಹ ನೇರ ರಸ್ತೆ ಈ ವಿಚಾರಣೆಗೆ ಹೇಳಿಮಾಡಿಸಿದ ಜಾಗ.

ಮೊದಲನೆಯದಾಗಿ, ಸದ್ದು ಗಾಲಿಯದೋ ಇಂಜಿನ್ನಿನದೋ ತಿಳಿಯಬೇಕು. ಹಿಂದೆ ಮುಂದೆ ವಾಹನಗಳಿಲ್ಲದಾಗ, ಅರವತ್ತರ ವೇಗದಲ್ಲಿ ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು ಕಾರು ತಾನಾಗಿ ಉರುಳಲು ಬಿಡಬೇಕು. ಇಂಜಿನ್ನಿನ ಗತಿ ಕೆಳಗಿಳಿದರೂ ‘ಹೂಂ’ಕಾರ ಇದ್ದಂತೆಯೇ ಇದ್ದು, ಕಾರಿನ ವೇಗ ಕುಗ್ಗಿದಂತೆ ಮಾತ್ರ ಕುಗ್ಗಿದರೆ ಇಂಜಿನ್ ನಿರಪರಾಧಿ. ಕೀಲಿಯನ್ನು ಮಾತ್ರ ತಿರುಗಿಸಿ ಇಂಜಿನ್ನನ್ನು ಆರಿಸಲೇಬಾರದು. ಹಾಗೆ ಮಾಡಿದರೆ ಬ್ರೇಕಿನ ಬಲ ಇಳಿದುಹೋಗುತ್ತದೆ, ಸ್ಟೇರಿಂಗು ಬಿಗಿದುಕೊಂಡೀತು. ಪರೀಕ್ಷೆಗೆಂದು ಹೊರಟವನು ಪರೀಕ್ಷೆಗೇ ಬಲಿಯಾಗಬಾರದಷ್ಟೆ!

ಆಮೇಲೆ ಎಣಿಕೆ. ಸಾಮಾನ್ಯ ಸಣ್ಣ ಕಾರಿನ ಟೈರಿನ ಅಡ್ಡಳತೆ ಸುಮಾರು ೬೦ ಸೆಂಟಿಮೀಟರು ಎಂದಿಟ್ಟುಕೊಂಡರೆ ಅದು ಒಂದು ಸುತ್ತಿಗೆ ೧.೯ ಮೀಟರಿನಷ್ಟು ನೆಲವನ್ನು ಅಳೆಯುತ್ತದೆ. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಮೆ ಒಂಬತ್ತು ಸುತ್ತು. ೧೦ ಕಿಲೋಮೀಟರು ವೇಗದಲ್ಲಿ ಒಂದೂವರೆ ಸುತ್ತು. ಕಾರನ್ನು ಆಳು ಓಡುವ ಗತಿಗೆ ಇಳಿಸಿದಾಗ ‘ಟಿಕ್... ಟಿಕ್...’ ಎಂದು ಎಣಿಸಲು ಬರುವಂತೆ ಕೇಳಿಸಿದರೆ, ಗಾಲಿಯ ಸುತ್ತಿಗೊಂದು ಬಾರಿ ಯಾವುದೋ ಒಂದು ವಸ್ತು ನೆಲಕ್ಕೋ ತಗಡಿಗೋ ತಾಗುತ್ತಿದೆ ಎಂದು ಅರ್ಥ. ಬಹುಪಾಲು ಅದು ಟೈರಿನ ಗೀರಿನೊಳಗೆ ಕಚ್ಚಿಕೊಂಡ ಕಲ್ಲು, ಇಲ್ಲವೆ ಮೊಳೆ. ಕಲ್ಲಾದರೆ ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿ ಎಸೆಯಬಹುದು. ಮೊಳೆಯಾದರೆ ಅವಸರದಿಂದ ಕೀಳಬಾರದು. ಗಾಳಿಯನ್ನು ಅಷ್ಟು ಹೊತ್ತು ಹಿಡಿದಿಟ್ಟದ್ದು ಅದೇ ಮೊಳೆಯಾಗಿರಬಹುದು!

ಎಣಿಕೆಗೆ ಸಿಕ್ಕದೆ ಒಂದೇ ಸಮನೆ ಗುನುಗುವ ದನಿ ಬೇರೆ ಜಾತಿಯದು. ಅದಕ್ಕೆ ಮುಖ್ಯವಾಗಿ ಇಬ್ಬರು ಆರೋಪಿಗಳು: ಟೈರು ಮತ್ತು ಬೇರಿಂಗು. ಇಬ್ಬರ ದನಿಯೂ ಅವಳಿಗಳ ದನಿಯಂತೆ ಒಂದೇ ತೆರನಾಗಿರುವುದರಿಂದ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಹಣ ಪೋಲಾಗುವುದು ಇಲ್ಲಿಯೇ. ಇವರನ್ನು ಬೇರ್ಪಡಿಸಲು ರಸ್ತೆಯನ್ನೇ ಸಾಕ್ಷಿಗೆ ಕರೆಯಬೇಕು. ಒರಟು ಜಲ್ಲಿಯ ಹಳೆಯ ಡಾಂಬರಿನಿಂದ ಹೊಸದಾಗಿ ಹಾಸಿದ ನುಣುಪು ಡಾಂಬರಿಗೆ ಕಾರು ದಾಟಿದಾಗ ದನಿಯ ಬಣ್ಣ ಥಟ್ಟನೆ ಬದಲಾದರೆ ಸಂಶಯ ಟೈರಿನ ಕಡೆಗೆ ವಾಲುತ್ತದೆ, ಏಕೆಂದರೆ ನೆಲದೊಡನೆ ಮಾತನಾಡುವುದು ಟೈರು ಮಾತ್ರ. ಬೇರಿಂಗಿಗೆ ನೆಲ ಯಾವುದಾದರೇನು? ಅದು ತನ್ನ ಗೂಡಿನೊಳಗೆ ಒಂದೇ ರಾಗ ಎಳೆಯುತ್ತಿರುತ್ತದೆ.

ಬೇರಿಂಗಿನ ಬಾಯಿ ಬಿಡಿಸುವ ಉಪಾಯ ತಿರುವು. ಕಾರು ಎಡಕ್ಕೆ ಹೊರಳಿದಾಗ ಭಾರವೆಲ್ಲ ಬಲಗಾಲಿಗಳ ಮೇಲೆ ಬೀಳುತ್ತದೆ; ಬಲಕ್ಕೆ ಹೊರಳಿದಾಗ ಎಡಗಾಲಿಗಳ ಮೇಲೆ. ಅಗಲವಾದ, ಬರಿದಾದ ರಸ್ತೆಯಲ್ಲಿ ಮಿತವಾದ ವೇಗದಲ್ಲಿ ಮೆಲ್ಲಗೆ ಎಡಕ್ಕೂ ಬಲಕ್ಕೂ ತೂಗಿದರೆ, ಎಡಕ್ಕೆ ಹೊರಳಿದಾಗ ಏರುವ ದನಿ ಸಾಮಾನ್ಯವಾಗಿ ಬಲಗಡೆಯ ಬೇರಿಂಗಿನದು. ‘ಸಾಮಾನ್ಯವಾಗಿ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಕೆಲವು ಬೇರಿಂಗುಗಳು ಭಾರ ಬಿದ್ದಾಗಲೇ ಸುಮ್ಮನಾಗಿ, ಭಾರ ಇಳಿದಾಗ ಕೂಗುವುದೂ ಉಂಟು. ಮುಂದಿನದೋ ಹಿಂದಿನದೋ ಎಂಬ ವ್ಯಾಜ್ಯವನ್ನು ತೀರಿಸುವುದು ಇನ್ನೂ ಕಷ್ಟ. ಅದಕ್ಕೆ ಇನ್ನೊಬ್ಬರು ಬೇಕು. ಅವರು ಒಮ್ಮೆ ಮುಂದಿನ ಸೀಟಿನಲ್ಲಿ, ಒಮ್ಮೆ ಹಿಂದಿನ ಸೀಟಿನಲ್ಲಿ ಕುಳಿತು ಆಲಿಸಬೇಕು. ಕಿಟಕಿಯ ಗಾಜನ್ನಿಳಿಸಿ ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಮೆಲ್ಲಗೆ ಸಾಗಿದರೆ ಆ ಕಡೆಯ ಗಾಲಿಗಳ ದನಿ ಗೋಡೆಗೆ ಬಡಿದು ಕಿವಿಗೆ ಮರಳುತ್ತದೆ. ಖರ್ಚಿಲ್ಲದ ಪರೀಕ್ಷೆ ಇದಕ್ಕಿಂತ ಮತ್ತೊಂದಿಲ್ಲ.

ಗುಂಡುಗಳ ಗುಟ್ಟು

ಬೇರಿಂಗೆಂದರೆ ಎರಡು ಉಕ್ಕಿನ ಬಳೆಗಳು, ಅವುಗಳ ನಡುವೆ ಉರುಳುವ ಗುಂಡುಗಳೋ ಉರುಳೆಗಳೋ ಇಷ್ಟೆ. ಇಷ್ಟು ಸರಳವಾದ ವಸ್ತು ಕಾರಿನ ಭಾರವನ್ನೆಲ್ಲ ಹೊತ್ತು ಲಕ್ಷಾಂತರ ಕಿಲೋಮೀಟರು ದುಡಿಯಬಲ್ಲುದು. ನೀರು ಒಳಹೊಕ್ಕರೆ, ಗ್ರೀಸು ಒಣಗಿದರೆ, ಹಳ್ಳದಲ್ಲಿ ಗಾಲಿ ಧುಮುಕಿ ಗುಂಡು ಬಳೆಯ ಮೇಲೆ ಸಣ್ಣ ಗುಳಿಯೊತ್ತಿದರೆ ಅದರ ಅವನತಿ ಆರಂಭ. ಹೊರಬಳೆಯಲ್ಲಿ ಒಂದೇ ಒಂದು ಕುಳಿ ಬಿದ್ದಿದೆ, ಗುಂಡುಗಳು ಹನ್ನೆರಡಿವೆ ಎಂದುಕೊಳ್ಳೋಣ. ಗಾಲಿಯ ಪ್ರತಿ ಸುತ್ತಿಗೆ ಸುಮಾರು ಐದು ಗುಂಡುಗಳು ಆ ಕುಳಿಯನ್ನು ಹಾಯುತ್ತವೆ. ಅರವತ್ತರ ವೇಗದಲ್ಲಿ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಪೆಟ್ಟು! ಕಿವಿ ಅಷ್ಟನ್ನು ಬಿಡಿಬಿಡಿಯಾಗಿ ಎಣಿಸಲಾರದು. ಎಲ್ಲವನ್ನೂ ಒಟ್ಟುಗೂಡಿಸಿ ‘ಹೂಂ’ ಎಂದು ಕೇಳಿಸಿಕೊಳ್ಳುತ್ತದೆ. ಟೈರಿನ ಕಲ್ಲು ‘ಟಿಕ್’ ಎನ್ನುವುದಕ್ಕೂ ಬೇರಿಂಗು ಗುನುಗುವುದಕ್ಕೂ ಇರುವ ವ್ಯತ್ಯಾಸ ಇದೇ.

ಗಾಡಿಯ ಅಚ್ಚಿಗೆ ಗುಂಡುಗಳ ಬೇರಿಂಗನ್ನು ಅಳವಡಿಸಿ ೧೭೯೪ರಲ್ಲಿ ಪೇಟೆಂಟು ಪಡೆದವನು ವೇಲ್ಸ್ ದೇಶದ ಫಿಲಿಪ್ ವಾನ್ ಎಂಬ ಕಬ್ಬಿಣದ ಉದ್ಯಮಿ. ೧೮೬೯ರಲ್ಲಿ ಪ್ಯಾರಿಸಿನ ಜೂಲ್ ಸುರಿರೇ ಅದನ್ನು ಬೈಸಿಕಲ್ಲಿಗೆ ತಂದ. ಮೊನೆಗಟ್ಟಿದ ಉರುಳೆಗಳ ಬೇರಿಂಗಿಗೆ ಅಮೆರಿಕದ ಹೆನ್ರಿ ಟಿಮ್ಕೆನ್ ೧೮೯೮ರಲ್ಲಿ ಪೇಟೆಂಟು ಪಡೆದ. ಇವನೂ ಮೂಲತಃ ಗಾಡಿ ಮಾಡುವವನೇ. ಎತ್ತು ಕುದುರೆಗಳ ಕಾಲದ ಚಿಂತೆಯೊಂದು ಮೋಟಾರಿನ ಕಾಲಕ್ಕೆ ಹೀಗೆ ಬಳುವಳಿಯಾಗಿ ಬಂದಿತು.

ಅದೇ ಚಿಂತೆ ಚಳ್ಳಕೆರೆಯ ಸೀಮೆಗೂ ಹೊಸದಲ್ಲ. ಶೇಂಗಾ ಮೂಟೆ ಹೊತ್ತ ಬಂಡಿಯ ಅಚ್ಚು ಕಿರ್ರೆಂದರೆ ಬಂಡಿಯಡಿಯಲ್ಲಿ ತೂಗುತ್ತಿದ್ದ ಬಿದಿರಿನ ಗೊಟ್ಟದಿಂದ ಕೀಲೆಣ್ಣೆ ಹಚ್ಚುವುದು ವಾಡಿಕೆಯಾಗಿತ್ತು. ಹರಳೆಣ್ಣೆಗೆ ಹುಲ್ಲಿನ ಕರಿಯನ್ನು ಕಲಸಿದ ಆ ಕಪ್ಪು ಲೇಪ ಅಂದಿನ ಗ್ರೀಸು. ಗಾಲಿ ಹೊರಜಾರದಂತೆ ಅಚ್ಚಿನ ತುದಿಗೆ ಕಡಾಣಿಯಿರುತ್ತಿತ್ತು. ಬಂಡಿ ಕಟ್ಟುವ ಮುನ್ನ ಅದನ್ನು ಮುಟ್ಟಿ ನೋಡದೆ ಹೊರಟವನನ್ನು ಹಿರಿಯರು ಗದರುತ್ತಿದ್ದರು. ಕಾರಿನಲ್ಲಿ ಎಣ್ಣೆಯ ಕೆಲಸವನ್ನು ಬೇರಿಂಗು ವಹಿಸಿಕೊಂಡಿತು, ಕಡಾಣಿಯ ಕೆಲಸವನ್ನು ನಟ್ಟುಗಳು ವಹಿಸಿಕೊಂಡವು. ಆದರೆ ಒಂದು ಭೇದವನ್ನು ಮರೆಯಬಾರದು. ಹಳೆಯ ಅನೇಕ ಕಾರುಗಳಲ್ಲಿ ಬೇರಿಂಗನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಿ ಮತ್ತೆ ಕೂರಿಸಬಹುದಿತ್ತು. ಇಂದಿನ ಕಾರುಗಳಲ್ಲಿ ಅದು ಬಹುಮಟ್ಟಿಗೆ ಮೊಹರು ಮಾಡಿದ ಗೂಡು. ಒಮ್ಮೆ ಕೂಗತೊಡಗಿತೆಂದರೆ ಬದಲಾಯಿಸುವುದಲ್ಲದೆ ಬೇರೆ ಮದ್ದಿಲ್ಲ. ‘ಸ್ವಲ್ಪ ಗ್ರೀಸು ಹೊಡೆದುಬಿಡು’ ಎಂಬ ಮಾತಿಗೆ ಅಲ್ಲಿ ಎಡೆಯೇ ಇಲ್ಲ.

ಬ್ರೇಕಿನ ದೂರುಗಳು

ಗಾಲಿಯ ಬಳಿ ಕೇಳಿಸುವ ಎಲ್ಲ ದನಿಯೂ ಗಾಲಿಯದಲ್ಲ. ಹೆದ್ದಾರಿಯಿಂದ ಒಳದಾರಿಗೆ ಇಳಿದು ಜಲ್ಲಿ ಮಣ್ಣಿನಲ್ಲಿ ಓಡಾಡಿ ಬಂದ ಕಾರು ಇದ್ದಕ್ಕಿದ್ದಂತೆ ತಗಡು ಕೆರೆದಂತೆ ಕಿರುಚಿದರೆ ಪ್ರಯಾಣಿಕರ ಎದೆ ಧಸಕ್ಕೆನ್ನುವುದು ಸಹಜ. ಅನೇಕ ವೇಳೆ ಅದು ಬ್ರೇಕಿನ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡ ಪುಟ್ಟ ಕಲ್ಲು. ಕಾರನ್ನು ಹತ್ತು ಮಾರು ಹಿಂದಕ್ಕೆ ಓಡಿಸಿದರೆ ಎಷ್ಟೋ ಸಲ ತಾನಾಗಿ ಉದುರಿಬೀಳುತ್ತದೆ. ಮಳೆಯಲ್ಲಿ ನೆನೆದು ರಾತ್ರಿಯೆಲ್ಲ ನಿಂತ ಕಾರಿನ ಡಿಸ್ಕಿಗೆ ತೆಳುವಾಗಿ ತುಕ್ಕು ಹಿಡಿದು ಬೆಳಗಿನ ಹೊತ್ತು ಕೆರೆಯುವುದುಂಟು. ಎರಡು ಮೂರು ಬಾರಿ ಬ್ರೇಕು ಒತ್ತಿದರೆ ಅಳಿಸಿಹೋಗುತ್ತದೆ.

ಓಡುವಾಗ ಸಣ್ಣಗೆ ಚೀರಿ, ಬ್ರೇಕು ಮುಟ್ಟಿದೊಡನೆ ಸುಮ್ಮನಾಗುವ ದನಿಯನ್ನು ಮಾತ್ರ ಅಲಕ್ಷ್ಯ ಮಾಡಬಾರದು. ಅನೇಕ ಕಾರುಗಳ ಬ್ರೇಕ್ ಪ್ಯಾಡಿಗೆ ಉಕ್ಕಿನ ತೆಳುವಾದ ನಾಲಗೆಯೊಂದನ್ನು ಬೇಕೆಂದೇ ಇಟ್ಟಿರುತ್ತಾರೆ. ಪ್ಯಾಡು ಸವೆದು ತೆಳ್ಳಗಾದಾಗ ಆ ನಾಲಗೆ ಡಿಸ್ಕಿಗೆ ತಾಗಿ ಚೀರುತ್ತದೆ. ಅದು ಕೆಟ್ಟದ್ದರ ಕೂಗಲ್ಲ, ಕೆಡುವುದಕ್ಕೆ ಮುಂಚಿನ ಎಚ್ಚರಿಕೆ. ಆ ಎಚ್ಚರಿಕೆಯನ್ನು ವಾರಗಟ್ಟಲೆ ಕಡೆಗಣಿಸಿದವರಿಗೆ ಆಮೇಲೆ ಬ್ರೇಕು ಒತ್ತಿದಾಗ ಕಬ್ಬಿಣ ಕಬ್ಬಿಣವನ್ನು ಅರೆಯುವ ಸದ್ದು ಕೇಳುತ್ತದೆ. ಆ ಹೊತ್ತಿಗೆ ಡಿಸ್ಕೂ ಹಾಳಾಗಿರುತ್ತದೆ. ಇನ್ನು ಬ್ರೇಕು ಬಿಡದೆ ಅಂಟಿಕೊಂಡಿದ್ದರೆ ಸದ್ದಿಗಿಂತ ಮೊದಲು ವಾಸನೆ ಬರುತ್ತದೆ. ಕಾರು ನಿಲ್ಲಿಸಿ, ಬೆರಳು ತಾಗಿಸದೆ, ಅಂಗೈಯ ಹಿಂಬದಿಯನ್ನು ಒಂದೊಂದು ಗಾಲಿಯ ಹತ್ತಿರಕ್ಕೆ ಒಯ್ದು ನೋಡಿದರೆ ಯಾವುದು ಉಳಿದವುಗಳಿಗಿಂತ ಬಿಸಿ ಎಂಬುದು ತಿಳಿಯುತ್ತದೆ.

೨೦೧೪ರವರೆಗೆ ತಯಾರಾದ ಅಂಬಾಸಡರ್ ಕಾರನ್ನು ಹಿಂದಿನ ಗಾಲಿಗಳು ನೂಕುತ್ತಿದ್ದವು. ೧೯೮೩ರ ಕೊನೆಯಲ್ಲಿ ಬಂದ ಮಾರುತಿ ೮೦೦ ಕಾರನ್ನು ಮುಂದಿನ ಗಾಲಿಗಳು ಎಳೆದವು. ಇಂದಿನ ಸಣ್ಣ ಕಾರುಗಳಲ್ಲಿ ಬಹುತೇಕ ಅದೇ ಬಗೆಯವು. ಎಳೆಯುವ ಕೆಲಸವನ್ನೂ ಹೊರಳುವ ಕೆಲಸವನ್ನೂ ಒಂದೇ ಗಾಲಿಗೆ ಒಪ್ಪಿಸಿದ ಮೇಲೆ ಅಚ್ಚಿನ ತುದಿಯಲ್ಲಿ ಬಾಗುವ ಕೀಲೊಂದು ಬೇಕಾಯಿತು. ಸಿ.ವಿ. ಜಾಯಿಂಟ್ ಎಂಬುದು ಅದೇ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಕಾರನ್ನು ಹೊರಳಿಸುವಾಗ ‘ಟಕ್ ಟಕ್ ಟಕ್’ ಎಂದು ಕೇಳಿಸಿದರೆ ಅದರ ರಬ್ಬರಿನ ಚೀಲ ಹರಿದು, ಗ್ರೀಸು ಹೊರಚೆಲ್ಲಿ, ಧೂಳು ಒಳಹೊಕ್ಕಿದೆಯೆಂದು ತಿಳಿಯಬಹುದು. ಧೂಳಿಗೆ ಬಯಲುಸೀಮೆಯಲ್ಲಿ ಬರವೇ?

ತಿಗರಿ ಬರೆದ ಗೆರೆ

ಬ್ರಹ್ಮಗಿರಿಗೂ ತಿರುಗುವ ಚಕ್ರಕ್ಕೂ ಇರುವ ನಂಟು ಮೋಟಾರಿಗಿಂತ ಬಹಳ ಹಿಂದಿನದು. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಇಲ್ಲಿಯೂ ಸಮೀಪದ ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿಯೂ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಶಾಸನದಲ್ಲಿ ಬರುವ ಇಸಿಲವೆಂಬ ಊರು ಈ ನೆಲದ ಹಳೆಯ ಹೆಸರು. ಮೈಸೂರಿನ ಎಂ. ಎಚ್. ಕೃಷ್ಣ ಅವರು ಇಲ್ಲಿ ಅಗೆಸಿ ನೋಡಿದ ಮೇಲೆ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ವ್ಯವಸ್ಥಿತವಾದ ಉತ್ಖನನ ಕೈಗೊಂಡರು. (ಇಂಗ್ಲಿಷಿನಲ್ಲಿ ಅವರ ಮನೆತನದ ಹೆಸರಿಗೆ ‘ಗಾಲಿ ಮಾಡುವವನು’ ಎಂದೇ ಅರ್ಥವಿರುವುದು ಒಂದು ಸ್ವಾರಸ್ಯ.) ಕಲ್ಲುಕೊಡಲಿಯ ಜನರ ಮಡಕೆಗಳು ಕೈಯಿಂದ ತಟ್ಟಿದವು, ಅವುಗಳ ಮೇಲಿನ ಪದರದಲ್ಲಿ ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದವರ, ನಿಧಾನವಾಗಿ ತಿರುಗುವ ತಿಗರಿಯ ಮಡಕೆಗಳು, ಎಲ್ಲಕ್ಕೂ ಮೇಲೆ, ವೇಗದ ತಿಗರಿಯಿಂದ ಇಳಿದ ನಯವಾದ ಪಾತ್ರೆಗಳು. ತಿಗರಿ ಒಂದೂ ಉಳಿದಿರಲಿಲ್ಲ. ಆದರೂ ಅದು ಹೇಗೆ ತಿರುಗಿತ್ತೆಂಬುದು ಮಡಕೆಯ ಮೈಮೇಲಿನ ಗೆರೆಗಳಲ್ಲಿ ಉಳಿದಿತ್ತು.

ಟೈರಿನ ಮೈ ಕೂಡ ಅಂತಹುದೇ ಒಂದು ದಾಖಲೆ. ಎರಡು ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಮೆಯಿಟ್ಟು ಓಡಿಸಿದ್ದಾರೆ; ನಡುವೆ ಮಾತ್ರ ಸವೆದಿದ್ದರೆ ಗಾಳಿ ಅತಿಯಾಗಿತ್ತು. ಒಂದೇ ಅಂಚು ತಿಂದುಹೋಗಿದ್ದರೆ ಅಲೈನ್‌ಮೆಂಟು ತಪ್ಪಿದೆ. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರು ಸೋತಿರಬಹುದು, ಗಾಲಿ ನೆಲದ ಮೇಲೆ ಉರುಳುವ ಬದಲು ಕುಣಿಯುತ್ತ ಬಂದಿದೆ. ಅಂಗೈಯನ್ನು ಟೈರಿನ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ ನೋಡಬೇಕು. ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದಕ್ಕೆ ಗರಗಸದಂತೆ ತಾಗಿದರೆ, ‘ಹೂಂ’ಕಾರದ ಒಡೆಯ ಸಿಕ್ಕಿದನೆಂದೇ ಬಹುಮಟ್ಟಿಗೆ ನಂಬಬಹುದು. ಟೈರುಗಳನ್ನು ಹಿಂದುಮುಂದಾಗಿ ಬದಲಾಯಿಸಿದಾಗ ದನಿಯೂ ಜಾಗ ಬದಲಿಸಿದರೆ ಉಳಿದ ಅನುಮಾನವೂ ತೀರುತ್ತದೆ.

ಇಷ್ಟಾದ ಮೇಲೆ ಜಾಕು ಹಾಕುವುದು. ಸಮನೆಲವಿರಬೇಕು, ಎದುರುಬದಿಯ ಗಾಲಿಗಳಿಗೆ ಕಲ್ಲು ಕೊಟ್ಟಿರಬೇಕು. ಬರಿಯ ಜಾಕನ್ನು ನಂಬಿ ಯಾರೂ ಕಾರಿನಡಿಗೆ ತಲೆಯೊಡ್ಡಬಾರದು. ಎತ್ತಿದ ಗಾಲಿಯನ್ನು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲಿಟ್ಟರೆ, ಒಳ್ಳೆಯ ಬೇರಿಂಗು ಇದೆಯೋ ಇಲ್ಲವೋ ಎಂಬಷ್ಟು ನಯವಾಗಿರುತ್ತದೆ. ಕೆಟ್ಟದ್ದು ರಾಗಿಕಲ್ಲು ಬೀಸಿದಂತೆ ಬೆರಳಿಗೆ ಗರಗರ ತಾಗುತ್ತದೆ. ಅನಂತರ ಗಡಿಯಾರದ ೧೨ ಮತ್ತು ೬ ಇರುವ ಜಾಗಗಳಲ್ಲಿ ಗಾಲಿಯನ್ನು ಹಿಡಿದು ಅಲ್ಲಾಡಿಸಬೇಕು. ಸಡಿಲವಿದ್ದರೆ ಒಳಗೆ ಕುಳಿತವರಿಗೆ ಬ್ರೇಕು ಒತ್ತಲು ಹೇಳಬೇಕು. ಬ್ರೇಕು ಒತ್ತಿದಾಗ ಸಡಿಲ ಮಾಯವಾದರೆ ತಪ್ಪು ಬೇರಿಂಗಿನದು. ಮಾಯವಾಗದೆ ಉಳಿದರೆ ಬಾಲ್ ಜಾಯಿಂಟನ್ನು ನೋಡಬೇಕು. ೩ ಮತ್ತು ೯ರ ಜಾಗದಲ್ಲಿ ಮಾತ್ರ ಅಲುಗಿದರೆ ಸ್ಟೇರಿಂಗಿನ ಕೊಂಡಿಗಳ ವಿಚಾರಣೆ ನಡೆಯಬೇಕು.

ಸದ್ದಿಲ್ಲದ ನಟ್ಟು

ಬ್ರಹ್ಮಗಿರಿಯಿಂದ ಹೊರಟ ಆ ಸಂಸಾರ ಚಳ್ಳಕೆರೆಯಲ್ಲಿ ನಿಂತದ್ದೇ ಒಳ್ಳೆಯದಾಯಿತೆನ್ನಬೇಕು. ಹೊಸ ಡಾಂಬರಿನ ಮೇಲೆ ದನಿ ಇಳಿದಿತ್ತು, ತಿರುವಿನಲ್ಲಿ ಬದಲಾಗಿರಲಿಲ್ಲ. ಇಷ್ಟನ್ನು ಕೇಳಿಸಿಕೊಂಡ ಮೆಕ್ಯಾನಿಕ್ ಇನ್ನೊಂದು ಪ್ರಶ್ನೆ ಹಾಕಿದ.

“ಇವತ್ತೇನಾದ್ರೂ ಗಾಲಿ ಬಿಚ್ಚಿದ್ರಾ ಸ್ವಾಮಿ?”

“ಹೂಂ, ಬೆಳಿಗ್ಗೆ ಜಾಲಿಮುಳ್ಳು ಚುಚ್ಚಿ ಟೈರು ಕೂತುಬಿಡ್ತು. ಸ್ಟೆಪ್ನಿ ಹಾಕ್ಕೊಂಡು ಹೋದ್ವಿ.”

“ಯಾವ ಗಾಲಿ?”

“ಮುಂದಿನ ಬಲಗಡೇದು.”

ಸ್ಟೆಪ್ನಿಯ ಮೇಲೆ ಅಂಗೈ ಸವರಿದಾಗ ಗರಗಸ ಸಿಕ್ಕಿತು. ವರ್ಷಗಳ ಹಿಂದೆ ಅಡ್ಡಾದಿಡ್ಡಿ ಸವೆದು, ಆಮೇಲೆ ಡಿಕ್ಕಿಯಲ್ಲಿ ಮಲಗಿ ಗಟ್ಟಿಯಾಗಿದ್ದ ಟೈರು ಅದು. ಅಲ್ಲಿಗೆ ‘ಹೂಂ’ಕಾರದ ಕಥೆ ಮುಗಿಯಿತು, ಮಾವನವರ ಮಾತು ಗೆದ್ದಿತು. ಆದರೆ ಮೆಕ್ಯಾನಿಕ್ ಅಷ್ಟಕ್ಕೆ ಏಳಲಿಲ್ಲ. ಪಾನಾ ತೆಗೆದು ಆ ಗಾಲಿಯ ನಾಲ್ಕು ನಟ್ಟುಗಳನ್ನೂ ಒಂದೊಂದಾಗಿ ಹಿಡಿದು ನೋಡಿದ. ಎರಡು ಬಿಗಿಯಾಗಿದ್ದವು. ಮೂರನೆಯದು ಅರ್ಧ ಸುತ್ತು ತಿರುಗಿತು. ನಾಲ್ಕನೆಯದು ಬೆರಳಿಗೇ ಬಂತು. ಆ ಎರಡು ನಟ್ಟುಗಳು ದಾರಿಯುದ್ದಕ್ಕೂ ಯಾವ ಸದ್ದನ್ನೂ ಮಾಡಿರಲಿಲ್ಲ.

ಬಿಸಿಲಿನಲ್ಲಿ, ಅವಸರದಲ್ಲಿ, ಜಾಕಿನ ಮೇಲಿದ್ದಾಗಲೇ ತಿರುಗಿಸಿಬಿಟ್ಟ ನಟ್ಟುಗಳ ಗತಿ ಅನೇಕ ವೇಳೆ ಹೀಗೆಯೇ. ರಿಮ್ಮಿಗೂ ಹಬ್ಬಿಗೂ ನಡುವೆ ಮಣ್ಣೋ ತುಕ್ಕೋ ಸಿಕ್ಕಿದ್ದರೆ ಆಗ ಬಿಗಿಯಾಗಿ ಕಂಡದ್ದು ಹತ್ತಾರು ಕಿಲೋಮೀಟರು ಓಡಿದ ಮೇಲೆ ಸಡಿಲವಾಗುತ್ತದೆ. ಮೊದಮೊದಲು ಸದ್ದೇ ಇರುವುದಿಲ್ಲ. ಆಮೇಲೆ ಕಡಮೆ ವೇಗದಲ್ಲಿ ‘ಟಕ್ ಟಕ್’, ಸ್ಟೇರಿಂಗಿನಲ್ಲಿ ನಡುಕ, ಕೊನೆಗೆ ‘ಧಡ ಧಡ’. ಅಷ್ಟು ಹೊತ್ತಿಗೆ ಬೋಲ್ಟುಗಳ ಮರೆ ಕೆಟ್ಟು ರಿಮ್ಮಿನ ತೂತುಗಳು ಅಗಲಿಸಿರುತ್ತವೆ. ಗಾಲಿಯನ್ನು ನೆಲಕ್ಕಿಳಿಸಿದ ಮೇಲೆ ನಟ್ಟುಗಳನ್ನು ಸುತ್ತುವರಿದು ಅಲ್ಲ, ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಬಿಗಿಯಬೇಕು. ಐವತ್ತರಿಂದ ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಪಾನಾ ಹಿಡಿದು ನೋಡಬೇಕು. ಚಳ್ಳಕೆರೆಯಿಂದ ಹೊರಟವರಿಗೆ ಹಿರಿಯೂರಿನಲ್ಲಿ ಕಾಫಿಗೆ ಇಳಿದಾಗ ಎರಡು ನಿಮಿಷದ ಕೆಲಸ.

ಬೇರಿಂಗೇ ಕೆಟ್ಟಿದೆಯೆಂದು ನಿಶ್ಚಯವಾದವರಿಗೆ ಒಂದು ಮಾತು ಉಳಿದಿದೆ. ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವ ಕಡೆ ಕಾರನ್ನು ಬಿಡಬಾರದು. ಆ ಪೆಟ್ಟು ಗುಂಡುಗಳ ಮೂಲಕ ಬಳೆಗೆ ಇಳಿದು, ಕಣ್ಣಿಗೆ ಕಾಣದ ಗುಳಿಗಳನ್ನು ಹೊಸ ಉಕ್ಕಿನ ಮೇಲೆ ಒತ್ತಿಬಿಡುತ್ತದೆ. ತಿಂಗಳೊಪ್ಪತ್ತಿನಲ್ಲಿ ಅದೇ ಗುನುಗು ಮರಳಿ ಕೇಳಿಸಿದಾಗ ಮಾಲೀಕನು ಬೇರಿಂಗು ಮಾಡಿದವರನ್ನು ಶಪಿಸುತ್ತಾನೆ. ಪ್ರೆಸ್ಸಿನಲ್ಲಿ ಒತ್ತಿ ಕೂರಿಸುವ ಸೌಕರ್ಯ ಎಲ್ಲಿದೆಯೆಂದು ಮೊದಲೇ ವಿಚಾರಿಸಿಕೊಳ್ಳಬೇಕು. ರಿಪೇರಿಯಾದ ಕಾರನ್ನು ಗ್ಯಾರೇಜಿನ ಅಂಗಳದಲ್ಲಿ ಒಂದು ಸುತ್ತು ಹಾಕಿಸಿ ಒಪ್ಪಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಸದ್ದು ಮೊದಲು ಕೇಳಿಸಿದ ಆ ರಸ್ತೆಗೇ ಮೆಕ್ಯಾನಿಕನನ್ನೂ ಕೂರಿಸಿಕೊಂಡು ಹೋಗಿ, ರೇಡಿಯೋ ಆರಿಸಿ, ಅದೇ ಅರವತ್ತರ ವೇಗದಲ್ಲಿ ಕಿಟಕಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ಓಡಿಸಿ ನೋಡಬೇಕು; ಹಣ ಎಣಿಸುವುದು ಆಮೇಲೆ.